ಹುಟ್ಟಿಸಿದವನನ್ನು ಮಾವ ಎಂದ ದೊರೆ

ಬ್ರಹ್ಮಾವರ
9 ಜೂನ್ 2025

ಪ್ರೀತಿಯ ಚಂದಯ್ಯ ಮಾವನಿಗೆ ಸುಶಾಂತನ ನಮಸ್ಕಾರಗಳು.

ಫೋನ್ ಮಾಡಿದರೆ ನೀವು "ಹ್ವಾಯ್, ಯಾರದ್? ಜೋರ್ ಹೇಳಿ" ಅನ್ನುತ್ತೀರಿ. ನಾನು ಕಿರುಚುತ್ತೇನೆ. ಕಾಲೇಜಿನ ಸ್ಟಾಫ್ ರೂಮಿನವರು ಯಾರ ಜೊತೆಗೋ ಜಗಳ ಎಂದುಕೊಳ್ಳುತ್ತಾರೆ. ಮೂವತ್ತು ವರ್ಷ ಬೋಟಿನ ಇಂಜಿನ್ ಪಕ್ಕ ಕೂತ ಕಿವಿ ನಿಮ್ಮದು. ಅದಕ್ಕೇ ಈ ಕಾಗದ.

ಜೊತೆಗೆ ನಾನು ಬರೆಯುತ್ತಿರುವ ಪುಸ್ತಕದ ನಾಲ್ಕು ಅಧ್ಯಾಯ ಇಟ್ಟಿದ್ದೇನೆ. ಸಾವಿರದ ಎಪ್ಪತ್ತು ವರ್ಷದ ಹಿಂದೆ ಚೀನಾದಲ್ಲಿ ಒಂದು ರಾಜವಂಶ ಇತ್ತು. ಇತಿಹಾಸದವರು ಅದಕ್ಕೆ 'ನಂತರದ ಝೌ' ಎನ್ನುತ್ತಾರೆ. 951ರಲ್ಲಿ ಹುಟ್ಟಿ 960 ಶುರುವಾಗುವಷ್ಟರಲ್ಲಿ ಮುಗಿದೇ ಹೋಯಿತು. ಮೂವರು ದೊರೆಗಳು, ಒಂಬತ್ತು ವರ್ಷ. ನಮ್ಮ ಬೋಟುಗಳೇ ಅದಕ್ಕಿಂತ ಹೆಚ್ಚು ಬಾಳುತ್ತವೆ ಎಂದು ನೀವು ನಗುತ್ತೀರಿ, ಗೊತ್ತು.

ಮೊದಲ ದೊರೆ ಗುವೊ ವೇಯ್, ಸೇನಾಪತಿಯಾಗಿದ್ದವ. ಅವನ ಗಂಡುಮಕ್ಕಳನ್ನೆಲ್ಲ ಹಿಂದಿನ ದೊರೆ ಕೊಲ್ಲಿಸಿದ್ದ. ಉಳಿದದ್ದು ಒಬ್ಬ ಸಾಕುಮಗ, ಛಾಯ್ ರೋಂಗ್. ಹೆಂಡತಿಯ ಅಣ್ಣನ ಮಗ. ಚಿಕ್ಕಂದಿನಲ್ಲೇ ಸೋದರತ್ತೆಯ ಮನೆಗೆ ಬಂದು ಅಲ್ಲೇ ಬೆಳೆದವ. ಅವನೇ ಎರಡನೆಯ ದೊರೆಯಾದ, ಬಹಳ ಒಳ್ಳೆಯ ದೊರೆಯಾದ. ಮೂವತ್ತೊಂಬತ್ತಕ್ಕೆ ತೀರಿಕೊಂಡ. ಈಗ ನನಗಿರುವ ಪ್ರಾಯ.

ಅವನ ಹೆತ್ತ ತಂದೆ ಛಾಯ್ ಶೌಲಿ ಆಗ ಬದುಕಿಯೇ ಇದ್ದ. ಆದರೆ ಮಗ ದೊರೆಯಾದ ಮೇಲೆ ಆ ತಂದೆ, ಸಾಕುತಾಯಿಯ ಅಣ್ಣ ಎಂಬ ಲೆಕ್ಕದಲ್ಲಿ, ಅವನಿಗೆ ಸೋದರಮಾವನಾದ. ಆಸ್ಥಾನದ ಕಡತದಲ್ಲೂ ಮಾವ, ಜನರ ಬಾಯಲ್ಲೂ ಮಾವ. ಮಗ ಆಳಿದ ಐದೂ ವರ್ಷ ಆ ಮನುಷ್ಯ ಒಂದು ಸಲವೂ ರಾಜಧಾನಿಗೆ ಕಾಲಿಡಲಿಲ್ಲ.

ಮಾವ, ಇದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ನಾನು ಹುಟ್ಟಿದ್ದು ನಿಮ್ಮ ಹೆಂಡತಿಯ ಹೊಟ್ಟೆಯಲ್ಲಿ, ಬೆಳೆದದ್ದು ನಿಮ್ಮ ತಂಗಿಯ ಮಡಿಲಲ್ಲಿ. ನಮ್ಮ ಮನೆಯಲ್ಲಿ ಅದು ಗುಟ್ಟಲ್ಲ, ಹಾಗಂತ ಯಾರೂ ಆಡುವ ಮಾತೂ ಅಲ್ಲ. ಸಾಕಿದ ಬೇಬಿ ಅಮ್ಮ ಫೆಬ್ರವರಿಯಲ್ಲಿ ತೀರಿಕೊಂಡಳು. ಇನ್ನು ಕೇಳುವುದಕ್ಕೆ ನೀವೊಬ್ಬರೇ. ನನ್ನನ್ನು ಯಾಕೆ ಕೊಟ್ಟಿರಿ? ಒಬ್ಬ ತಂದೆ ತಾನಾಗಿ ಮಾವನಾಗುವುದು ಹೇಗೆ? ಅದು ತಿಳಿಯದೆ ನನಗೆ ಕೊನೆಯ ಅಧ್ಯಾಯ ಬರೆಯಲಿಕ್ಕಾಗುತ್ತಿಲ್ಲ.

ಉತ್ತರ ಬರೆಯಿರಿ.

ಸುಶಾಂತ


ಬೈಂದೂರು
17 ಜೂನ್ 2025

ಚಿ. ಸುಶಾಂತನಿಗೆ ಚಂದಯ್ಯನ ಆಶೀರ್ವಾದಗಳು.

ಲಕೋಟೆ ಬಂತು. ಮಳೆಗಾಲದ ರಜೆ, ಬೋಟುಗಳು ದಡದಲ್ಲಿವೆ. ನಾವು ಹತ್ತು ಜನ ಚಪ್ಪರದಲ್ಲಿ ಕೂತು ಬಲೆ ಸರಿಮಾಡುತ್ತಿದ್ದೇವೆ. ನಿನ್ನ ಅಧ್ಯಾಯಗಳನ್ನು ನಾನು ದೊಡ್ಡದಾಗಿ ಓದಿದೆ, ಎಲ್ಲರೂ ಕೇಳಿದರು. ಕಾಗದ ಓದಲಿಲ್ಲ, ಹೆದರಬೇಡ. ಆ ಹೆಸರುಗಳೋ ಮಾರಾಯ, ಬಿಸಿ ಗಂಜಿ ಬಾಯಿಗೆ ಹಾಕಿಕೊಂಡ ಹಾಗಾಯಿತು!

ಒಂದು ವಿಷಯ ನಮಗೆ ಯಾರಿಗೂ ತಲೆಗೆ ಹೋಗಲಿಲ್ಲ. ಆ ಛಾಯ್ ಮಾಣಿ ಯಾವ ಬಳಿಯವ? ನಮ್ಮಲ್ಲಿ ಮಗುವಿಗೆ ತಾಯಿಯ ಬಳಿ, ತಾಯಿಯ ವಂಶ. ಹೆಂಡತಿಯ ಅಣ್ಣನ ಮಗ ಎಂದರೆ ಆ ಅಣ್ಣನ ಹೆಂಡತಿಯ ಕಡೆಯವ. ಗುವೊನಿಗೂ ಸೇರಿದವನಲ್ಲ, ಅವನ ಹೆಂಡತಿಗೂ ಸೇರಿದವನಲ್ಲ. ಅಂಥವನಿಗೆ ರಾಜ್ಯ ಕೊಟ್ಟದ್ದು ಯಾವ ಲೆಕ್ಕದಲ್ಲಿ? ಪಕ್ಕದ ಮನೆ ನಾಗು ಮೀನು ಮಾರಿ ಬಂದು ನಿಂತವಳು ಕೇಳಿದಳು: "ಆ ದೇಶ್ದಗೆ ಯಾರಿಗೂ ಅಕ್ಕತಂಗೀರೇ ಇಲ್ಯಾ? ಒಬ್ಬ ಅಳಿಯ ಇದ್ದಿದ್ರೆ ಈ ರಗಳಿ ಎಂತಕ್ ಬತ್ತಿತ್ತ್?" ಅವಳ ಮಾತು ಸರಿ. ಎರಡನೆಯ ದೊರೆ ಸತ್ತಾಗ ಏಳು ವರ್ಷದ ಮಗನನ್ನು ಕೂರಿಸಿದರು, ಆರು ತಿಂಗಳಲ್ಲಿ ಸೇನಾಪತಿ ಬಂದು ಎಬ್ಬಿಸಿದ ಎಂದು ನೀನೇ ಬರೆದಿದ್ದೀಯ. ನಮ್ಮ ಹಾಗೆ ಅಕ್ಕತಂಗಿಯರ ಮಗನಿಗೆ ಹಕ್ಕು ಹೋಗುವ ಅಳಿಯಕಟ್ಟಾಗಿದ್ದರೆ ಮೀಸೆ ಬಂದ ಅಳಿಯನೊಬ್ಬ ಸಿಗುತ್ತಿದ್ದ. ಮಗನಿಗೆ ಕೊಟ್ಟರೆ ಹೀಗೇ.

ಆದರೆ ಛಾಯ್ ಮಾಣಿ ತಂದೆಯನ್ನು ಮಾವ ಮಾಡಿದನಲ್ಲ, ಅದು ಬಹಳ ದೊಡ್ಡ ಮನಸ್ಸು. ತಂದೆ ಎಂದರೆ ಎಂತ? ಬಂದು ಹೋಗುವ ನೆಂಟ. ಮಾವ ಎಂದರೆ ಮನೆಯ ಯಜಮಾನ, ಅಳಿಯನ ಮೇಲೆ ಅಧಿಕಾರ ಇರುವವ. ದೊರೆಯಾದ ಮೇಲೆ ಹೆತ್ತವನಿಗೆ ಅಷ್ಟು ಮೇಲಿನ ಸ್ಥಾನ ಕೊಡಬೇಕಾದರೆ ಅವನು ಒಳ್ಳೆಯವನೇ ಇರಬೇಕು. ಪುಸ್ತಕದಲ್ಲಿ ಇದನ್ನು ಚೆನ್ನಾಗಿ ಬರಿ.

ಇಲ್ಲಿ ಬೇರೆ ಎಂತ ವಿಶೇಷ ಇಲ್ಲ. ಮಳೆ ಜೋರಿದೆ. ರಮಿತಾ, ಮಕ್ಕಳು ಹೇಗಿದ್ದಾರೆ?

ಚಂದಯ್ಯ


ಬ್ರಹ್ಮಾವರ
25 ಜೂನ್ 2025

ಮಾವನಿಗೆ ನಮಸ್ಕಾರ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಾನು ಕೇಳಿದ್ದು ಒಂದು, ನೀವು ಹೇಳಿದ್ದು ಇನ್ನೊಂದು.

ಚೀನಾದಲ್ಲಿ ಅಳಿಯಕಟ್ಟು ಇಲ್ಲ ಮಾವ. ಅಲ್ಲಿ ವಂಶ ತಂದೆಯದು. ಪೂಜೆ ತಂದೆಯ ಹಿರಿಯರಿಗೆ. ಸೋದರಮಾವ ಎಂದರೆ ಬೇರೆ ಮನೆಯವ, ಹಬ್ಬಕ್ಕೆ ಬಂದು ಹೋಗುವವ. ಛಾಯ್ ರೋಂಗ್ ತನ್ನ ತಂದೆಯನ್ನು ಮೇಲೆ ಕೂರಿಸಲಿಲ್ಲ, ಹೊರಗೆ ಕೂರಿಸಿದ. ತಾನು ಗುವೊನ ರಕ್ತವಲ್ಲ ಎಂದು ಜನ ನೆನಪಿಸಿಕೊಳ್ಳಬಾರದಲ್ಲ, ಅದಕ್ಕೆ.

ಆ ಛಾಯ್ ಶೌಲಿ ಒಮ್ಮೆ ಪೇಟೆಯಲ್ಲಿ ಒಬ್ಬನನ್ನು ಕೊಂದುಹಾಕಿದ. ಸುದ್ದಿ ದೊರೆಯ ಕಿವಿಗೆ ಬಿತ್ತು. ದೊರೆ ವಿಚಾರಣೆ ಮಾಡಿಸಲಿಲ್ಲ. ತಂದೆ ಎಂದು ಒಪ್ಪಲೂ ಇಲ್ಲ, ಪರರಂತೆ ಶಿಕ್ಷಿಸಲೂ ಇಲ್ಲ. ನನಗೆ ಅದನ್ನು ಓದುವಾಗ ಬೈಂದೂರು ಮೀನು ಮಾರ್ಕೆಟ್ಟು ನೆನಪಾಯಿತು. ನಾನು ಏಳನೇ ಕ್ಲಾಸು. ಶಾಲೆಯಲ್ಲಿ ಯಾರೋ ಹೇಳಿದ್ದರು. ನಿಮ್ಮ ಕೈ ಹಿಡಿದು ಕೇಳಿದೆ: "ನೀವ್ ನನ್ನ್ ಅಪ್ಪಯ್ಯ ಅಂಬ್ರಲೆ, ಹೌದಾ?" ಮಾತು ಮುಗಿಯುವ ಮೊದಲು ಕೆನ್ನೆಗೆ ಬಿತ್ತು. ಮಾರ್ಕೆಟ್ಟಿನ ಹೆಂಗಸರೆಲ್ಲ ತಿರುಗಿ ನೋಡಿದರು. ಆಮೇಲೆ ಮನೆಯಲ್ಲಿ ನೀವೇ ನನ್ನನ್ನು ಪಕ್ಕ ಕೂರಿಸಿಕೊಂಡು ಅಂಜಲ್ ಮೀನಿನ ಮುಳ್ಳು ತೆಗೆದು ತೆಗೆದು ಬಟ್ಟಲಿಗೆ ಹಾಕಿದಿರಿ. ಆ ಹೊಡೆತ ಯಾಕೆ, ಆ ಮೀನು ಯಾಕೆ, ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಶಾಲೆಗೆ ಸೇರಿಸಿದವರು ನೀವು, ಕಾಲೇಜು ಓದಿಸಿದವರು ನೀವು. ಮದುವೆಯಲ್ಲಿ ಯಜಮಾನನಾಗಿ ನಿಂತವರೂ ನೀವೇ. ಎಲ್ಲ ಮಾಡಿದಿರಿ, ಮಾವನಾಗಿ ಮಾಡಿದಿರಿ. ನಾನು ಕೇಳುತ್ತಿರುವುದು ಚೀನಾದ ಸಮಾಚಾರ ಅಲ್ಲ. ಯಾಕೆ ಕೊಟ್ಟಿರಿ?

ಸುಶಾಂತ


ಬೈಂದೂರು
3 ಜುಲೈ 2025

ಚಿ. ಸುಶಾಂತನಿಗೆ,

ಕೆಲವು ಮಾತು ಅಂಚೆಯಲ್ಲಿ ಹೋಗುವುದಲ್ಲ. ಸತ್ತವರ ವಿಷಯ ಕೆದಕಿ ಯಾರಿಗೆ ಎಂತ ಸಿಗುತ್ತದೆ?

ಒಂದು ಕೇಳುತ್ತೇನೆ, ನಿಜ ಹೇಳು. ಕೋಟದವರು ಯಾರಾದರೂ ನಿನ್ನನ್ನು ಹುಡುಕಿಕೊಂಡು ಬಂದಿದ್ದರಾ? ನೀನು ಬ್ರಹ್ಮಾವರದಲ್ಲಿ ಮನೆ ಮಾಡುತ್ತೇನೆ ಎಂದಾಗಲೇ ನಾನು ಬೇಡ ಎಂದಿದ್ದೆ. ಕೋಟ ಅಲ್ಲಿಗೆ ತೀರಾ ಹತ್ತಿರ. ಅವರು ಕರೆದರೆ ಹೋಗಬೇಡ. ಏನಾದರೂ ಹೇಳಿದರೆ ನಂಬಬೇಡ.

ಆರೋಗ್ಯ ನೋಡಿಕೋ.

ಚಂದಯ್ಯ


ಬ್ರಹ್ಮಾವರ
14 ಜುಲೈ 2025

ಶ್ರೀ ಚಂದಯ್ಯನವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕೋಟದ ಹೆಸರು ನಾನು ಎತ್ತಿರಲಿಲ್ಲ. ಎತ್ತಿದವರು ನೀವು.

ಹೆತ್ತ ತಾಯಿ ಸುಗುಣ, ಅವಳ ಮನೆ ಕೋಟ ಪಡುಕರೆ ಎಂದಷ್ಟೇ ನನಗೆ ಗೊತ್ತಿತ್ತು. ನಿನ್ನೆ ಭಾನುವಾರ ಹೋದೆ. ಅವಳ ಅಕ್ಕ ವನಜ ದೊಡ್ಡಮ್ಮ ಇದ್ದಾರೆ. ಮಗ ಅಜಿತ್ ಬಾಗಿಲು ತೆಗೆದು "ಯಾರ್ ಬೇಕಿತ್ತ್?" ಎಂದ. ಹೆಸರು ಹೇಳಿದೆ. ಒಳಗಿನಿಂದ ಮುದುಕಿ ಗೋಡೆ ಹಿಡಿದುಕೊಂಡು ಬಂದರು, ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. "ಅಯ್ಯೋ ದೇವ್ರೆ, ಸುಗುಣಂದೇ ಮೋರಿ" ಎಂದು ಅತ್ತರು. ಯಾರೂ ನನ್ನ ಮುಖವನ್ನು ಹಾಗೆ ನೋಡಿರಲಿಲ್ಲ.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ನಿನ್ ಕರ್ಕಂಡ್ ಬಪ್ಪುಕೆ ನನ್ ತಮ್ಮ ಬಚ್ಚ ಮೂರ್ ಸಲ ಹೋಯಿದ. ನಿನ್ನಪ್ಪ ಕೊಡ್ಲಿಲ್ಲ. ಕಡಿಗೆ ಗುರಿಕಾರ್ರ್ ಎದ್ರಿಗೆ, ಹತ್ತ್ ಜನ್ರ ಎದ್ರಿಗೆ, ಈ ಶಿಶು ನಂದಲ್ಲ ಅಂದ ಕಾಣ್. ಒಂದ್ ಸಲ ಅಲ್ಲ, ಮೂರ್ ಸಲ. ನಾ ಕಿವಿಯಾರೆ ಕೇಂಡಿದ್ದೆ. ಕೊಡುದೂ ಇಲ್ಲ, ನಂದ್ ಅಂಬುದೂ ಇಲ್ಲ. ಎಂತ ಜನ ಅವ!"

ಈ ಶಿಶು ನಂದಲ್ಲ. ಹಾಗೆ ಅಂದಿರಾ? ಹೌದಾದರೆ ಅದರ ಅರ್ಥ ಏನು? ನನ್ನ ತಾಯಿಯ ಮೇಲೆ ನಿಮಗೆ ಸಂಶಯ ಇತ್ತಾ? ಹೆತ್ತು ಸತ್ತವಳ ಬಗ್ಗೆ ಊರೆದುರು ಆ ಮಾತಾ? ಸಂಶಯ ಇದ್ದರೆ ನನ್ನನ್ನು ಕೋಟದವರಿಗೆ ಕೊಟ್ಟು ಕೈ ತೊಳೆದುಕೊಳ್ಳಬಹುದಿತ್ತಲ್ಲ. ನಾನು ನಿಮ್ಮವನಲ್ಲದಿದ್ದರೆ ಇಟ್ಟುಕೊಂಡದ್ದು ಯಾಕೆ? ನಿಮ್ಮವನಾದರೆ ಅಲ್ಲ ಎಂದದ್ದು ಯಾಕೆ? ಬಸ್ಸಿನಲ್ಲಿ ಬರುವಾಗ ಇದನ್ನೇ ತಿರುಗಿಸಿ ಮುರುಗಿಸಿ ಯೋಚಿಸಿದೆ. ತಲೆಬುಡ ಗೊತ್ತಾಗಲಿಲ್ಲ. ಇಳಿಯುವ ಸ್ಟಾಪು ದಾಟಿ ಉಡುಪಿಗೆ ಹೋಗಿ ವಾಪಸು ಬಂದೆ.

ಕೊನೆಯ ಅಧ್ಯಾಯಕ್ಕೆ ನಿಮ್ಮ ಸಹಾಯ ಬೇಡ. ಮಗನನ್ನು ಬೇಡವೆಂದ ತಂದೆಯನ್ನು ಮಗನೂ ಬೇಡವೆಂದ ಎಂದು ಬರೆದು ಮುಗಿಸುತ್ತೇನೆ.

ಸುಶಾಂತ


ಬ್ರಹ್ಮಾವರ
4 ಆಗಸ್ಟ್ 2025

ಮೂರು ವಾರ ಆಯಿತು, ನಿಮ್ಮ ಉತ್ತರ ಇಲ್ಲ. ನಾಗುವಿಗೆ ಫೋನ್ ಮಾಡಿದೆ. "ಉಂತ್ರ್, ಬಲಿ ಕಟ್ತ್ರ್, ಮಾತೇ ಇಲ್ಲೆ. ನಿನ್ ಕಾಗ್ದ ಕಿಸಿಯಗೇ ಇತ್ತ್" ಎಂದಳು. ಕಿಸೆಯಲ್ಲಿಟ್ಟುಕೊಂಡರೆ ಅದು ಉತ್ತರ ಆಗುವುದಿಲ್ಲ. ಬೈಯಿರಿ, ಹೊಡೆಯಿರಿ, ಏನಾದರೂ ಹೇಳಿ.

ಸುಶಾಂತ


ಬೈಂದೂರು
19 ಆಗಸ್ಟ್ 2025

ಸುಶಾಂತ,

ಬರೆಯಲು ಕೂತು ನಾಲ್ಕು ಹಾಳೆ ಹರಿದೆ. ಇದು ಐದನೆಯದು. ತಪ್ಪಿದ್ದರೆ ತಿದ್ದಿ ಓದಿಕೋ.

ಮೊದಲು ನಿನ್ನ ತಾಯಿಯ ಮಾತು. ಸುಗುಣನ ಮೇಲೆ ಸಂಶಯವಾ? ಅಂಥ ಹೆಣ್ಣು ಈ ಸೀಮೆಯಲ್ಲಿ ಇರಲಿಲ್ಲ. ನೀನು ಹುಟ್ಟಿ ಹನ್ನೊಂದನೆಯ ದಿನ ಜ್ವರದಲ್ಲಿ ಹೋದಳು. ಅವಳನ್ನು ಸುಟ್ಟು ಬಂದು ನಾನು ಕೂತಲ್ಲೇ ಕೂತಿದ್ದೆ. ನನಗಾಗ ಇಪ್ಪತ್ತೊಂಬತ್ತು.

ಬಚ್ಚ ಕೋಟದಿಂದ ಬಂದ. ನಿನಗೆ ಅವನೇ ಸೋದರಮಾವ. "ಭಾವ, ಶಿಶು ನಮ್ ಬಳಿದ್. ನಮ್ ಮನಿಗ್ ಕೊಂಡ್ಹೋತೆ" ಎಂದ. ಅವನು ಕೆಟ್ಟವನಲ್ಲ. ಅಕ್ಕನ ಮಗು ಅವನಿಗೂ ಬೇಕಿತ್ತು. ನಾನು ಹಿರಿಯರನ್ನು ಕೇಳಿದೆ. ಒಬ್ಬರೂ ನನ್ನ ಕಡೆ ಮಾತಾಡಲಿಲ್ಲ. "ಬಚ್ಚ ಹೇಳುದೇ ಸಮ. ಹೆಂಡ್ತಿ ಹ್ವಾದ್ ಮೇಲೆ ನಿಂಗೆ ಆ ಶಿಶುವಿನ್ ಮೇಲ್ ಎಂತ ಹಕ್ಕಿತ್ತ್?" ಎಂದರು. ಬೇಕಾದರೆ ಕೋಟಕ್ಕೆ ಹೋಗಿ ನೋಡಿಕೊಂಡು ಬಾ ಎಂದರು. ನೆಂಟನ ಹಾಗೆ ಹೋಗಿ, ಚಾ ಕುಡಿದು, ನಿನ್ನನ್ನು ನೋಡಿ ಬರುವುದಂತೆ. ಎರಡು ಸಲ ಬಚ್ಚನನ್ನು ಏನೇನೋ ನೆಪ ಹೇಳಿ ವಾಪಸು ಕಳಿಸಿದೆ.

ದಾರಿ ಹೇಳಿದ್ದು ಬೇಬಿ. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ, ಗಂಡ ವೆಂಕಟ ಬೊಂಬಾಯಿಯ ಕ್ಯಾಂಟೀನಿನಲ್ಲಿದ್ದ. "ಅಣ್ಣ, ಶಿಶು ನಂದಾರೆ ನೀ ಅದ್ಕೆ ಮಾವ ಆತೆ. ಮಾವನ್ ಕೈಯಿಂದ ಕಸ್ಕಂಬುಕೆ ಯಾರಿಂದ್ಲೂ ಆತ್ತಿಲ್ಲೆ" ಎಂದಳು. ನಾವು ನಮ್ಮವರ ನ್ಯಾಯ ತೀರ್ಮಾನಿಸುವ ಗುರಿಕಾರರ ಹತ್ತಿರ ಹೋದೆವು. ಇಂಥ ಕಟ್ಟಳೆ ಮೊದಲು ಇರಲಿಲ್ಲ. ಅವತ್ತು ಅವರೇ ಕೂತು ಮಾಡಿದರು. ಎರಡೂ ಮನೆಯವರ ಎದುರು ನಾನು ಈ ಶಿಶು ನಂದಲ್ಲ, ನನ್ನ ತಂಗಿಯದು ಎಂದು ಮೂರು ಸಲ ಹೇಳಬೇಕು. ಆಮೇಲೆ ಯಾವತ್ತೂ ನಾನು ನಿನ್ನನ್ನು ಮಗ ಅನ್ನಬಾರದು, ನಿನ್ನ ಬಾಯಲ್ಲಿ ನನಗೆ ಅಪ್ಪಯ್ಯ ಎಂಬ ಮಾತು ಬರಬಾರದು. ಒಂದು ಸಲ ಬಂದರೂ ಮಾತು ಮುರಿದ ಹಾಗೆ, ಶಿಶು ಕೋಟಕ್ಕೆ.

ಹೇಳಿದೆ. ಮೂರು ಸಲವೂ ಸ್ವರ ಅರ್ಧಕ್ಕೇ ಇಳಿಯಿತು. 'ನಂದಲ್ಲ' ಎಂಬಷ್ಟು ಕೇಳಿಸಿತು, 'ತಂಗಿದ್' ಎಂದದ್ದು ನನಗೇ ಕೇಳಿಸಲಿಲ್ಲ. ವನಜ ದೂರ ಕೂತಿದ್ದಳು. ಅವಳಿಗೆ ಅರ್ಧವೇ ಕೇಳಿದ್ದಿರಬೇಕು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಮಾರ್ಕೆಟ್ಟಿನಲ್ಲಿ ಹೊಡೆದೆ, ಹೌದು. ನೀನು ಅಪ್ಪಯ್ಯ ಎಂದಾಗ ಬಚ್ಚ ನಾಲ್ಕು ಮಾರು ಆಚೆ ಬಂಗುಡೆ ಬುಟ್ಟಿ ಇಳಿಸುತ್ತಿದ್ದ. ನಮ್ಮ ಕಡೆಯೇ ನೋಡುತ್ತಿದ್ದ. ನಿನ್ನ ಬಾಯಿ ಮುಚ್ಚಿಸಲು ಆ ಗಳಿಗೆಗೆ ನನಗೆ ಬೇರೆ ಎಂತ ತೋಚಲಿಲ್ಲ.

ಕೊಟ್ಟಿರಿ ಕೊಟ್ಟಿರಿ ಎನ್ನುತ್ತೀಯಲ್ಲ. ನಾ ನಿನ್ನ್ ಕೊಡ್ಲಿಲ್ಲ ಮಾರಾಯ. ಇಟ್ಕಂಡದ್ದ್. ಅಪ್ಪಯ್ಯ ಆಯಿದ್ರೆ ವರ್ಷಕ್ಕ್ ಎರಡ್ ಸಲ ಕೋಟಕ್ ಬಂದ್ ನಿನ್ನ್ ಕಂಡ್ ಹೋಯ್ಕಿತ್ತ್. ಮಾವ ಆದಕೆ ದಿನಾ ನಿನ್ ಒಟ್ಟಿಗ್ ಉಂಡೆ.

ಇನ್ನು ನಿನ್ನ ಪುಸ್ತಕ. ಛಾಯ್ ಶೌಲಿ ಐದು ವರ್ಷ ರಾಜಧಾನಿಗೆ ಹೋಗಲಿಲ್ಲ, ಮಗ ಅವನನ್ನು ಹೊರಗೆ ಕೂರಿಸಿದ ಎಂದು ಬರೆದೆ. ಮಗ ಬೇಡ ಎಂದದ್ದು ಎಲ್ಲಿಯಾದರೂ ದಾಖಲೆಯಲ್ಲಿದೆಯಾ? ನನಗೆ ಅನ್ನಿಸುತ್ತದೆ, ಆ ಮನುಷ್ಯ ತಾನಾಗಿಯೇ ಹೋಗಲಿಲ್ಲ. ಹೋದರೆ ಯಾರೋ ಒಬ್ಬ "ಅಗಣಿ, ದೊರೆಯ ಅಪ್ಪಯ್ಯ ಬಂದ" ಅನ್ನುತ್ತಾನೆ. ಹಾಗಾದರೆ ಗುವೊನ ಮಗ ಅಲ್ಲವಲ್ಲ ಎಂದು ಇನ್ನೊಬ್ಬ ಅನ್ನುತ್ತಾನೆ. ಅಲ್ಲಿಗೆ ಮಗನ ಸಿಂಹಾಸನ ಹೋಯಿತು. ಅದಕ್ಕೇ ಆ ಪಾಪದವ ದೂರದಲ್ಲಿ ಕೂತು ಮಾವನಾಗಿಯೇ ಇದ್ದ. ಪೇಟೆಯಲ್ಲಿ ಕೊಲೆ ಮಾಡಿದ್ದು ತಪ್ಪು, ಅದನ್ನು ನಾನು ಸರಿ ಎನ್ನುವುದಿಲ್ಲ.

ಬಚ್ಚ ಸತ್ತು ಹದಿನಾರು ವರ್ಷವಾಯಿತು. ಗುರಿಕಾರರೂ ಇಲ್ಲ. ಇನ್ನು ಯಾರೂ ಕೇಳುವವರಿಲ್ಲ ಎಂದು ಗೊತ್ತು. ಆದರೂ ಮಗ ಎಂದು ಬರೆಯಲು ಹೊರಟರೆ ಯಾರೋ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತಾರೆ ಎಂಬ ಹೆದರಿಕೆ ಇವತ್ತಿಗೂ ಹೋಗಿಲ್ಲ. ಹರಿದ ನಾಲ್ಕೂ ಹಾಳೆ ಹಾಗೇ ಹೋದದ್ದು.

ನೀನು ಓದಿದವ, ಒಂದು ಕೇಳುತ್ತೇನೆ. ಅವತ್ತು ನನಗೆ ಬೇರೆ ದಾರಿ ಇತ್ತಾ? ಬಲೆ ಕಟ್ಟುವಾಗಲೆಲ್ಲ ಇದೇ ತಲೆಗೆ ಬರುತ್ತದೆ. ಇದ್ದರೆ ಹೇಳು, ಅಡಗಿಸಬೇಡ.

ಚಂದಯ್ಯ


ಬ್ರಹ್ಮಾವರ
25 ಆಗಸ್ಟ್ 2025
(ಬರೆದೆ, ಕಳಿಸಲಿಲ್ಲ)

ಮಾವ,

ನೀವು ಕೇಳಿದ್ದನ್ನು ವಕೀಲ ಅನೂಪನ ಹತ್ತಿರ ಕೇಳಿದೆ. ಯಾಕೆ ಕೇಳಿದೆನೋ.

ದಾರಿ ಇತ್ತು ಮಾವ. ನೀವು ಹುಟ್ಟುವ ಮುಂಚೆಯೇ, 1956ರಲ್ಲೇ ಕಾನೂನು ಬಂದಿತ್ತು. ಮಗುವಿಗೆ ತಂದೆಯೇ ಪೋಷಕ. ಬಳಿ, ಕಟ್ಟು, ಗುರಿಕಾರರ ಮಾತು ಯಾವುದೂ ಅದರ ಎದುರು ನಿಲ್ಲುವುದಿಲ್ಲ. ಕುಂದಾಪುರದ ಯಾವ ವಕೀಲರನ್ನು ಕೇಳಿದ್ದರೂ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ನೀವು ನಂದಲ್ಲ ಅನ್ನಬೇಕಾಗಿರಲಿಲ್ಲ. ಬಚ್ಚ ಮಾವನಿಗೆ ನನ್ನನ್ನು ಒಯ್ಯುವ ಹಕ್ಕೇ ಇರಲಿಲ್ಲ. ಮೂವತ್ತೊಂಬತ್ತು ವರ್ಷ ನೀವು ಇಲ್ಲದ ಒಂದು ಭಯಕ್ಕೆ ಬಾಯಿ ಕಟ್ಟಿಕೊಂಡಿರಿ, ನನ್ನ ಬಾಯನ್ನೂ ಕಟ್ಟಿದಿರಿ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಹುಡುಕುತ್ತಿದ್ದೇನೆ, ಯಾರೂ ಸಿಗುತ್ತಿಲ್ಲ. ಇದನ್ನು ನಿಮಗೆ ಹೇಗೆ ಹೇಳಲಿ? ಹೇಳದಿದ್ದರೆ


ಬ್ರಹ್ಮಾವರ
26 ಆಗಸ್ಟ್ 2025

ಪ್ರೀತಿಯ ಮಾವನಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ರಮಿತಾಳಿಗೆ ಓದಿ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದನ್ನು ಅವಳೇ ಓದಿಕೊಂಡಳು. ಜುಲೈಯಲ್ಲಿ ನಾನು ಬರೆದ ಕಾಗದ ಕಿಸೆಯಲ್ಲಿದ್ದರೆ ತೆಗೆದು ಒಲೆಗೆ ಹಾಕಿ. ತಾಯಿಯ ವಿಷಯ ಹಾಗೆ ಕೇಳಿದ್ದಕ್ಕೆ ನನ್ನದು ತಪ್ಪಾಯಿತು.

ಛಾಯ್ ಶೌಲಿಯ ವಿಷಯ ನೀವು ಹೇಳಿದ ಮೇಲೆ ಇನ್ನೊಮ್ಮೆ ಹುಡುಕಿದೆ. ಅವನು ರಾಜಧಾನಿಗೆ ಬರಲಿಲ್ಲ ಎಂದಷ್ಟೇ ಇದೆ. ಮಗ ಬೇಡ ಎಂದ ಎಂದು ನನಗೆ ಎಲ್ಲೂ ಸಿಗಲಿಲ್ಲ. ಆ ಮಾತು ನನ್ನದೇ. ಇಷ್ಟು ದಿನ ಅದನ್ನು ಇತಿಹಾಸ ಎಂದುಕೊಂಡಿದ್ದೆ! ಆ ಪುಟ ಹೊಡೆದುಹಾಕಿದೆ. ಯಾಕೆ ಬರಲಿಲ್ಲವೋ ಗೊತ್ತಿಲ್ಲ, ಬೈಂದೂರಿನ ಒಬ್ಬರು ಹೀಗೆ ಹೇಳುತ್ತಾರೆ ಎಂದು ನಿಮ್ಮ ಮಾತನ್ನೇ ಬರೆದಿದ್ದೇನೆ.

ಶನಿವಾರ ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ. ವನಜ ದೊಡ್ಡಮ್ಮನೂ ಬರುತ್ತೇನೆ ಎಂದಿದ್ದಾರೆ, ಹೆದರಬೇಡಿ. ನನ್ನನ್ನು ಒಯ್ಯಲು ಅಲ್ಲ. ಅವತ್ತು ಅರ್ಧ ಕೇಳಿದ್ದರ ಉಳಿದರ್ಧ ನಿಮ್ಮ ಬಾಯಲ್ಲೇ ಕೇಳಬೇಕಂತೆ. ನಿಮ್ಮ ಕಿವಿಗೆ ಅವರ ಸ್ವರ ಸಾಕಾಗುವುದಿಲ್ಲ, ನಾನು ನಡುವೆ ಕೂತು ಜೋರಾಗಿ ಹೇಳುತ್ತೇನೆ.

ಕೊನೆಗೆ ಒಂದು ಕೇಳಿದ್ದಿರಿ. ವಕೀಲ ಅನೂಪನ ಹತ್ತಿರವೂ ವಿಚಾರಿಸಿದೆ, ಅವನು ಕಾನೂನೆಲ್ಲ ನೋಡಿ ಹೇಳಿದ. ಅವತ್ತು ನಿಮಗೆ ಬೇರೆ ಯಾವ ದಾರಿಯೂ ಇರಲಿಲ್ಲ ಮಾವ.

ಸುಶಾಂತ